ಒರಟು ಮೈಯ ಚೆಂಡು

ಮೂವತ್ತೆಂಟು ತುಂಬಿದರೂ ಎಲ್ಲರ ಬಾಯಲ್ಲೂ ಅವಳು ಪುಟ್ಟಿಯೇ. ಅಕ್ಕನ ಗಂಡನ ಬೌಲಿಂಗ್ ಹಾಲ್‌ನಲ್ಲಿ, ಚೆಂಡು ಉರುಳಿಸಿ ಪಿನ್ ಬೀಳಿಸುವ ಲೇನ್‌ಗಳ ಹಿಂದಿನ ಕಿಟಕಿಯಿಲ್ಲದ ಕೋಣೆಯಲ್ಲಿ ಚೆಂಡುಗಳ ಮೈ ಉಜ್ಜಲು ಕೂತು ಏಳು ವರ್ಷವಾಗಿತ್ತು. ಯಂತ್ರದ ಬಟ್ಟಲಿನಲ್ಲಿ ಗಿರಗಿರ ತಿರುಗುವ ಚೆಂಡಿಗೆ ನೀರು ಚಿಮುಕಿಸುತ್ತ ಮೊದಲು ಒರಟು ಪ್ಯಾಡ್, ಆಮೇಲೆ ಒಂದಕ್ಕಿಂತ ಒಂದು ನಯವಾದ ಮೂರು ಪ್ಯಾಡ್. ಹಳೆಯ ಗೀರುಗಳೆಲ್ಲ ಮಾಯ. ಗೋಡೆಯಾಚೆ ಪಿನ್‌ಗಳು ಉರುಳುವ ಸದ್ದು ದಿನವಿಡೀ ಕೇಳುತ್ತಿತ್ತು. ಉರುಳಿಸಿದವರ ನಗುಮುಖ ಮಾತ್ರ ಕಾಣುತ್ತಿರಲಿಲ್ಲ.

ಮುಂಬಾಗಿಲ ಕೌಂಟರ್‌ನಲ್ಲಿ ಜಾಗ ಖಾಲಿಯಾದಾಗ ಬಾಯಿಬಿಟ್ಟು ಕೇಳಿದಳು.

“ಭಾವ, ಈ ಸಲ ನನ್ನನ್ನ ಅಲ್ಲಿ ಕೂರಿಸಿ.”

“ಅಲ್ಲಿ ಯಾರು ಬೇಕಾದ್ರೂ ಕೂರ್ತಾರೆ ಪುಟ್ಟಿ. ನಿನ್ನ ಕೈಗುಣ ಇನ್ಯಾರಿಗಿದೆ ಹೇಳು?”

ಹೊಗಳಿ ಹೊಗಳಿಯೇ ಬಾಗಿಲು ಹಾಕುವವರ ಮೇಲೆ ಸಿಟ್ಟಾದರೂ ಮಾಡುವುದು ಹೇಗೆ? ಆ ಕೈಗುಣವನ್ನೇ ಕೆಡಿಸಿಬಿಡೋಣ ಎಂದುಕೊಂಡಳು.

ಮರುದಿನ ಬಂದದ್ದು ನಿವೃತ್ತ ಮೇಷ್ಟ್ರ ಚೆಂಡು, ಭಾನುವಾರದ ಪಂದ್ಯಕ್ಕೆ. ಅವಳ ಕೈ ಕೊಳೆಯಾಗದಿರಲೆಂದು, ಲೇನ್‌ನಿಂದ ಮೆತ್ತಿದ ಎಣ್ಣೆಯನ್ನೆಲ್ಲ ಒರೆಸಿಯೇ ಕೊಡುವವರು ಅವರೊಬ್ಬರೇ. ಅಂಥವರಿಗೆ ದ್ರೋಹವೇ ಎಂದು ಮನಸ್ಸು ಚುಚ್ಚಿತು. ಆದರೂ ಒರಟು ಪ್ಯಾಡ್ ಒಂದರಿಂದಲೇ ಉಜ್ಜಿ ನಿಲ್ಲಿಸಿದಳು. ಅವರು ಸೋಲಲಿ, ಬೈಯಲಿ, ಭಾವ ಬೇರೆಯವರನ್ನು ಹುಡುಕಲಿ.

ಆದದ್ದೇ ಬೇರೆ. ಆ ಭಾನುವಾರ ಭಾವ ಲೇನ್‌ಗಳಿಗೆ ಧಾರಾಳವಾಗಿ ಎಣ್ಣೆ ಬಳಿಸಿದ್ದ. ನುಣುಪು ಚೆಂಡುಗಳು ಹಿಡಿತ ಸಿಗದೆ ಸುಮ್ಮನೆ ಜಾರಿಹೋದವು. ಮೇಷ್ಟ್ರ ಒರಟು ಚೆಂಡು ಮಾತ್ರ ನೆಲ ಕಚ್ಚಿ, ತಿರುಗಿ, ಪಿನ್‌ಗಳ ನಡುವಿಗೇ ನುಗ್ಗಿತು. ಮೊದಲ ಬಹುಮಾನ ಅವರಿಗೇ.

ಸೋಮವಾರ ಮೇಷ್ಟ್ರು ಕೋಣೆಯ ಬಾಗಿಲಲ್ಲಿ ನಿಂತು, ಚೆಂಡಿನ ಮೇಲೆ ಬೆರಳಾಡಿಸಿ, ಮೆಲ್ಲಗೆ ಕೇಳಿದರು: “ಒಂದೇ ಪ್ಯಾಡಿಗೆ ನಿಲ್ಲಿಸಿದ್ದೀಯ. ಬೇಕಂತ್ಲೇ ತಾನೆ? ಹೆದರಬೇಡಮ್ಮ, ಯಾರಿಗೂ ಹೇಳಲ್ಲ.”

“ಅಯ್ಯೋ, ಹೇಳಿ ಸರ್! ಕೈ ಮುಗಿತೀನಿ, ಭಾವಂಗೆ ಹೇಳಿಬಿಡಿ. ಹಾಗಾದ್ರೂ ಇಲ್ಲಿಂದ ಎಬ್ಬಿಸ್ತಾರೆ.”

ಮೇಷ್ಟ್ರು ಅವಳ ಮುಖವನ್ನೇ ನೋಡಿ, ನೇರ ಹೋಗಿ ಹೇಳಿದರು. ಭಾವ ಬಿದ್ದುಬಿದ್ದು ನಕ್ಕ. “ನೋಡಿದ್ರಾ ಸರ್, ನಮ್ಮ ಪುಟ್ಟಿ ವಿನಯಾನ! ಎಣ್ಣೆ ನೋಡಿ ಲೆಕ್ಕ ಹಾಕಿದಾಳೆ, ಒಪ್ಕೊಳ್ಳಕ್ಕೆ ನಾಚಿಕೆ.” ಮಧ್ಯಾಹ್ನದೊಳಗೆ ಹನ್ನೊಂದು ಚೆಂಡು ಬಂದು ಸಾಲಾಗಿ ಕೂತವು. ಎಲ್ಲರಿಗೂ ಮೇಷ್ಟ್ರ ಚೆಂಡಿನಂಥದ್ದೇ ಬೇಕು.

ಕೆಲಸ ಕೆಡಿಸಿದವರಂತೆ ಪೆಚ್ಚಾದ ಮೇಷ್ಟ್ರು ಅಂಗಿಯ ತೋಳು ಮಡಚಿಕೊಂಡು ಸ್ಟೂಲಿನ ಮೇಲೆ ಕೂತರು. “ನಂಗೂ ಕಲಿಸು. ನೀನು ಹತ್ತು ನಿಮಿಷ ಬೀದಿ ನೋಡ್ಕೊಂಡು ಬಾ.”

“ನಿಮಗ್ಯಾಕೆ ಸರ್ ಈ ಕರ್ಮ?”

“ನಲವತ್ತು ವರ್ಷ ಮಕ್ಕಳನ್ನ ತಿದ್ದಿದೀನಿ, ಈ ಚೆಂಡೇನು ಮಹಾ? ಹೋಗಮ್ಮ.”

ಪ್ಯಾಡ್ ಹಿಡಿಯುವುದನ್ನು ತೋರಿಸಿ ಅವಳು ಎದ್ದಳು. ಏಳು ವರ್ಷಗಳಲ್ಲಿ ಮೊದಲ ಸಲ, ನಡುಹಗಲಲ್ಲಿ, ಬೀದಿಯ ಬಿಸಿಲು ಕಾಣುವವರೆಗೂ ನಡೆದಳು. ಅಷ್ಟರಲ್ಲಿ ಹಿಂದಿನಿಂದ ಕರಕರ ಸದ್ದು. ಪ್ಯಾಡ್ ಒಣಗಿ ಚೆಂಡಿನ ಮೈ ಕೀಳುತ್ತಿತ್ತು. ಬೇರೆ ಯಾರ ಕಿವಿಗೂ ಆ ವ್ಯತ್ಯಾಸ ತಿಳಿಯುವಂಥದ್ದಲ್ಲ.

“ನೀರು ಹಾಕಿ ಸರ್, ನೀರು!” ಎನ್ನುತ್ತ ಅವಳು ಆಗಲೇ ಒಳಗೆ ಓಡಿಯಾಗಿತ್ತು.