ಮೂರನೇ ಕಾಟಾ

ಸಿಂಧನೂರಿನ ಮಸ್ಕಿ ರಸ್ತೆಯಲ್ಲಿ ನಾನು ಒಂದು ವೇಬ್ರಿಡ್ಜ್ ನೋಡಿಕೊಳ್ಳುತ್ತೇನೆ. ಊರಿನವರು ಅದನ್ನು ಕಾಟಾ ಎನ್ನುತ್ತಾರೆ. ಭತ್ತದ ಲಾರಿ ಬರುತ್ತದೆ, ತೂಗುತ್ತೇನೆ, ಚೀಟಿ ಹರಿದು ಕೊಡುತ್ತೇನೆ. ಸುಗ್ಗಿಯಲ್ಲಿ ಊಟವೂ ಅಲ್ಲೇ, ನಿದ್ದೆಯೂ ಅಲ್ಲೇ. ಈ ಧಂದೆಯಲ್ಲಿ ಒಂದು ವಾಡಿಕೆ ಇದೆ. ಮಿಲ್ಲಿನ ಕಾಟಾ ಒಂದು ತೂಕ, ನನ್ನ ಕಾಟಾ ಇನ್ನೊಂದು ತೂಕ ತೋರಿಸಿದರೆ ಯಾರೂ ಬಹಳ ಹೊತ್ತು ಜಗಳಾಡುವುದಿಲ್ಲ. ಲಾರಿಯನ್ನು ಮೂರನೆಯ ಕಾಟಾಕ್ಕೆ ಒಯ್ಯುತ್ತಾರೆ. ಅಲ್ಲಿ ಬಂದ ತೂಕಕ್ಕೆ ಎರಡೂ ಕಡೆಯವರು ಬಾಯಿ ಮುಚ್ಚಬೇಕು. ಇಪ್ಪತ್ತೆರಡು ವರ್ಷದಲ್ಲಿ ಈ ಮಾತು ಮುರಿದವರನ್ನು ನಾನು ಕಂಡಿಲ್ಲ.

ನನ್ನ ಮಗಳು ಅರ್ಜುಮಂದ್ ಸೈಕಲ್ ರೇಸಿನವಳು. ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ಪಿ.ಟಿ. ಮಾಸ್ತರ ಪಂಪಾಪತಿ ಅವಳನ್ನು ತಾಲ್ಲೂಕು ಸ್ಪರ್ಧೆಗೆ ನಿಲ್ಲಿಸಿದರು. ಯಾರದೋ ಹಳೇ ಸೈಕಲ್ ಮೇಲೆ ಎರಡನೆಯವಳಾಗಿ ಬಂದಳು. ಅಲ್ಲಿಂದ ಶುರು. ಈಗ ಅವಳಿಗೆ ಹದಿನೇಳು ಮುಗಿಯುತ್ತ ಬಂದಿದೆ. ಕ್ರೀಡಾ ಹಾಸ್ಟೆಲಿಗೆ ಸೇರಬೇಕಾದರೆ ಈ ವರ್ಷವೇ ಸೇರಬೇಕು. ಹದಿನೆಂಟು ತುಂಬಿದರೆ ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ. ಹಾಸ್ಟೆಲಾದರೆ ಊಟ, ಓದು, ಒಳ್ಳೆಯ ಸೈಕಲ್, ಕೋಚ್ ಎಲ್ಲ ಅವರದೇ. ಇಲ್ಲಿ ಅವಳಿಗೆ ಕಲಿಸಲು ಇನ್ನು ಯಾರಲ್ಲೂ ಏನೂ ಉಳಿದಿರಲಿಲ್ಲ.

ನಮ್ಮೂರಲ್ಲಿ ಭಾನುವಾರದ ಸೈಕಲ್ ಬಳಗವೊಂದಿದೆ. ಇಬ್ಬರು ಡಾಕ್ಟರು, ಬೀಜದಂಗಡಿಯ ಮರಿಸ್ವಾಮಿ, ಬ್ಯಾಂಕಿನವರು, ಮಿಲ್ಲಿನವರು, ಒಟ್ಟು ಹದಿನೈದು ಜನ. ಮುಂಜಾನೆ ಐದೂವರೆಗೆ ಬಿಗಿ ಬಟ್ಟೆ ಹಾಕಿಕೊಂಡು ಹೊರಟರೆ ಮಸ್ಕಿಗೆ ಹೋಗಿ, ಮಿರ್ಚಿ ಭಜಿ ತಿಂದು, ಚಹಾ ಕುಡಿದು, ಬಿಸಿಲೇರುವ ಮೊದಲು ತಿರುಗಿ ಬರುತ್ತಾರೆ. ಹುಡುಗಿಯರು ಇಬ್ಬರೇ: ನಮ್ಮ ಅರ್ಜುಮಂದ್ ಮತ್ತು ಜವಳಗೇರಾದ ಶಿವರಂಜನಿ. ಆ ಹುಡುಗಿ ಹನ್ನೆರಡು ಕಿಲೋಮೀಟರು ತುಳಿದು ಬಂದು ನಮ್ಮೂರಲ್ಲಿ ಬಳಗ ಸೇರುತ್ತಿದ್ದಳು. ಅಷ್ಟಾದರೂ ಮಸ್ಕಿಯ ಹೊತ್ತಿಗೆ ಇಬ್ಬರೂ ಮುಂದೆ, ಗಂಡಸರೆಲ್ಲ ಹಿಂದೆ. ಕೊನೆಯ ಎರಡು ಕಿಲೋಮೀಟರಿನಲ್ಲಿ ನನ್ನ ಮಗಳು ಶಿವರಂಜನಿಯನ್ನು ಬಿಟ್ಟು ಹೋಗುತ್ತಿದ್ದಳು. ಒಂದು ಭಾನುವಾರವೂ ತಪ್ಪಿದ್ದಿಲ್ಲ.

ಚಹಾದ ಹೊತ್ತಿನಲ್ಲಿ ಅವರ ಮಾತೆಲ್ಲ ವ್ಯಾಟಿನದು. ವ್ಯಾಟ್ ಎಂದರೆ ಕಾಲು ಎಷ್ಟು ಜೋರಿನಿಂದ ತುಳಿಯುತ್ತದೆ ಎನ್ನುವ ಲೆಕ್ಕ. ವೇಗವನ್ನು ಗಾಳಿ ಕೆಡಿಸುತ್ತದೆ, ರಸ್ತೆ ಕೆಡಿಸುತ್ತದೆ, ವ್ಯಾಟನ್ನು ಯಾವುದೂ ಕೆಡಿಸುವುದಿಲ್ಲ ಎಂದು ಅವರ ನಂಬಿಕೆ. ಅದನ್ನು ಅಳೆಯಲು ಸೈಕಲ್ಲಿಗೆ ಮೀಟರ್ ಕೂಡಿಸುತ್ತಾರೆ. ಮನೆಯಲ್ಲಿ ಟ್ರೇನರ್ ಇಟ್ಟುಕೊಳ್ಳುತ್ತಾರೆ, ಅಂದರೆ ಹಿಂದಿನ ಗಾಲಿ ಬಿಚ್ಚಿ ಸೈಕಲ್ ಸಿಕ್ಕಿಸಿ ನಿಂತಲ್ಲೇ ತುಳಿಯುವ ಯಂತ್ರ. ಅದೂ ವ್ಯಾಟ್ ತೋರಿಸುತ್ತದೆ. ಎರಡೂ ಒಂದೇ ಅಂಕಿ ತೋರಿಸಿದ್ದನ್ನು ಆ ಬಳಗದಲ್ಲಿ ಯಾರೂ ನೋಡಿಲ್ಲ. ಮರಿಸ್ವಾಮಿಯಂತೂ ಎರಡನ್ನೂ ಒಟ್ಟಿಗೆ ಓಡಿಸಿ ಯಾವುದು ಹೆಚ್ಚೋ ಅದನ್ನೇ ಗ್ರೂಪಿಗೆ ಹಾಕುತ್ತಿದ್ದ. ಡಾಕ್ಟರು ಅವನಿಗೆ, ಹಿಂಗ ತೂಗಿ ಬೀಜ ಮಾರಿದ್ರ ರೈತರು ನಿನ್ನ ಅಂಗಡಿಗೇ ಬೆಂಕಿ ಹಚ್ಚತಾರಲೇ ಎಂದು ಚಾಷ್ಟಿ ಮಾಡುತ್ತಿದ್ದರು.

ಆ ಮರಿಸ್ವಾಮಿಯೇ ಕಳೆದ ಮಳೆಗಾಲದಲ್ಲಿ ತನಗಾಗಿ ಹೊಸ ಮೀಟರ್ ತರಿಸಿಕೊಂಡು ಹಳೆಯದನ್ನು ಅರ್ಜುಮಂದ್‌ಳ ಸೈಕಲ್ಲಿಗೆ ಹಾಕಿಸಿಕೊಟ್ಟ. ಪೆಡಲ್ ಹೊತ್ತ ಎಡಗಡೆಯ ಕಬ್ಬಿಣದ ತೋಳಿಗೆ ಅಂಟಿಕೊಂಡ, ಬೆಂಕಿಪೊಟ್ಟಣದಷ್ಟು ಚಿಕ್ಕ ಸಾಮಾನು. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟ. ಅವನ ಮೇಲೆ ನನಗೆ ಸಿಟ್ಟಿಲ್ಲ.

ಎರಡು ಕಡೆ ಹಾಸ್ಟೆಲ್ ಆಯ್ಕೆ ಇತ್ತು. ಒಂದು ಚಿಕ್ಕ ಹಾಸ್ಟೆಲ್. ಅವರು ಮಸ್ಕಿಯಿಂದ ಸಂತೆಕಲ್ಲೂರಿನ ಕಡೆಗೆ ರಸ್ತೆ ಮೇಲೆ ಓಡಿಸಿ, ಮೊದಲು ಬಂದ ನಾಲ್ವರು ಹುಡುಗಿಯರನ್ನು ತೆಗೆದುಕೊಳ್ಳುವವರು. ಇನ್ನೊಂದು ದೊಡ್ಡ ಅಕಾಡೆಮಿ. ಅವರು ಲಿಂಗಸುಗೂರಿಗೆ ಬಂದು ಟ್ರೇನರ್ ಮೇಲೆ ಇಪ್ಪತ್ತು ನಿಮಿಷ ತುಳಿಸಿ ವ್ಯಾಟ್ ನೋಡುವವರು. ಅರ್ಜುಮಂದ್‌ಳ ಮೈತೂಕಕ್ಕೆ ನೂರಾ ಎಪ್ಪತ್ತು ಬರಬೇಕಿತ್ತು. ಎರಡರಲ್ಲಿ ಒಂದಕ್ಕಷ್ಟೇ ಅರ್ಜಿ ಹಾಕಬಹುದಿತ್ತು.

ಅವಳ ಮೀಟರ್ ನೂರಾ ಎಂಬತ್ನಾಲ್ಕು ತೋರಿಸುತ್ತಿತ್ತು.

ಪಂಪಾಪತಿ ಮಾಸ್ತರು ರಸ್ತೆಯ ಆಯ್ಕೆಗೇ ಹೋಗಲಿ ಎಂದರು. ಈ ಭಾಗದಲ್ಲಿ ಅವಳನ್ನು ಹಿಂದೆ ಹಾಕುವ ಹುಡುಗಿ ಇಲ್ಲ, ಗೆರೆ ದಾಟುವುದು ಕಣ್ಣಿಗೆ ಕಾಣುತ್ತದೆ, ಯಂತ್ರದ ತಂಟೆ ಬೇಡ ಎಂದರು. ನನಗೆ ದೊಡ್ಡದರ ಆಸೆ. ಹದಿನಾಲ್ಕು ವ್ಯಾಟ್ ಹೆಚ್ಚೇ ಇರುವಾಗ ಚಿಕ್ಕ ಹಾಸ್ಟೆಲಿನಲ್ಲಿ ಯಾಕೆ ಬೀಳಬೇಕು?

ಆದರೂ ಒಂದು ಸಲ ನೋಡಿಬಿಡೋಣವೆಂದು ನವೆಂಬರಿನಲ್ಲಿ ಅವಳನ್ನು ಮರಿಸ್ವಾಮಿಯ ಮನೆಯ ಟ್ರೇನರ್ ಮೇಲೆ ಕೂಡಿಸಿದೆವು. ನೂರಾ ಅರವತ್ತು ಬಂತು. ಅರ್ಜುಮಂದ್‌ಳ ಮುಖ ಸಣ್ಣದಾಯಿತು. ಮರಿಸ್ವಾಮಿ ನಕ್ಕುಬಿಟ್ಟ.

"ಟ್ರೇನರ್ ಯಾವಾಗ್ಲೂ ಕಮ್ಮಿನ ತೋರಸ್ತೈತಿ ಬಿಡು ತಂಗಿ. ಮನ್ಯಾಗ ಕುಂತು ತುಳಿಯೋದು ಬ್ಯಾರೆ, ರೋಡಿನ ಮ್ಯಾಲ ಬ್ಯಾರೆ. ನಂದೂ ಇಪ್ಪತ್ತು ಕಮ್ಮಿ ಬರತೈತಿ. ನಾ ಅದನ್ನ ಮಾತಾಡಸೂದ ಬಿಟ್ಟೀನಿ."

ಬಳಗದವರೆಲ್ಲ ಅದನ್ನೇ ಹೇಳಿದರು. ನಾನು ಬರೀ ಮಾತು ನಂಬುವವನಲ್ಲ. ಮರುದಿನ ಸೈಕಲ್ಲನ್ನು ಕಾಟಾದ ಕೋಣೆಗೆ ಒಯ್ದೆ. ನನ್ನ ಹತ್ತಿರ ಸರ್ಕಾರಿ ಮುದ್ರೆಯ ಇಪ್ಪತ್ತು ಕಿಲೋದ ಕಲ್ಲುಗಳಿವೆ. ಕಾಟಾ ಸರಿ ಇದೆಯೋ ಇಲ್ಲವೋ ಎಂದು ಅವುಗಳಿಂದಲೇ ನೋಡುವುದು. ಮೀಟರಿನ ಹಾಳೆಯಲ್ಲೂ ಹಾಗೆಯೇ ಬರೆದಿತ್ತು: ಎಡ ಪೆಡಲ್ ಅಡ್ಡ ನಿಲ್ಲಿಸಿ, ಗೊತ್ತಿರುವ ತೂಕ ತೂಗುಹಾಕಿ, ಅಂಕಿ ನೋಡಿರಿ. ಮೂರು ಸಲ ತೂಗುಹಾಕಿದೆ. ಮೂರು ಸಲವೂ ಕೂದಲೆಳೆ ಹೆಚ್ಚುಕಡಿಮೆಯಿಲ್ಲದೆ ಬಂತು. ನನ್ನ ಕಾಟಾ ಕೂಡ ಅಷ್ಟು ನೆಟ್ಟಗೆ ಇರುವುದಿಲ್ಲ. ಮೀಟರ್ ಖರೆ, ಟ್ರೇನರ್ ಸುಳ್ಳು ಎಂದು ಅವತ್ತೇ ತೀರ್ಮಾನ ಮಾಡಿದೆ. ಮನೆಯಲ್ಲಿ ಹೆಂಡತಿ ಸಕೀನಾಬೀಗೂ ಹೇಳಿದೆ. ಅವಳು ರೊಟ್ಟಿ ಬಡಿಯುತ್ತ, ನಿಮಗ ತಿಳಿದದ್ದು ನೀವು ಮಾಡ್ರಿ, ಹುಡುಗಿದು ಒಂದ ವರ್ಷ ಉಳಿದೈತಿ, ನೆನಪಿರ್ಲಿ ಎಂದಷ್ಟೇ ಹೇಳಿದಳು.

ದೊಡ್ಡ ಅಕಾಡೆಮಿಗೆ ಅರ್ಜಿ ಹಾಕಿದೆ. ಜನವರಿಯಲ್ಲಿ ರಸ್ತೆಯ ಆಯ್ಕೆ ನಡೆಯಿತು. ನಾವು ಹೋಗಲಿಲ್ಲ. ಶಿವರಂಜನಿ ಮೊದಲನೆಯವಳಾಗಿ ಬಂದಳು. ಬಳಗದವರು ಅವಳಿಗೆ ಮಸ್ಕಿಯಲ್ಲಿ ಹಾರ ಹಾಕಿದರು. ಅರ್ಜುಮಂದ್ ತಾನೇ ಪೇಡೆ ತಂದು ಹಂಚಿದಳು.

ಫೆಬ್ರುವರಿಯಲ್ಲಿ ಸೈಕಲ್ಲನ್ನು ಬಸ್ಸಿನ ಮೇಲೆ ಕಟ್ಟಿಸಿಕೊಂಡು ನಾವಿಬ್ಬರೂ ಲಿಂಗಸುಗೂರಿಗೆ ಹೋದೆವು. ಒಂದು ಸಭಾಭವನದಲ್ಲಿ ಎಂಟು ಟ್ರೇನರ್ ಸಾಲಾಗಿ ಇಟ್ಟಿದ್ದರು. ಹಿಂದೆ ತಂದೆತಾಯಿಗಳಿಗೆ ಪ್ಲಾಸ್ಟಿಕ್ ಕುರ್ಚಿ. ಪರೀಕ್ಷೆ ಮಾಡುವವರು ಒಬ್ಬ ಮೇಡಂ. ಧಾರವಾಡದ ಕಡೆಯವರಂತೆ, ದನಿ ಏರಿಸದವರು. ಮಗಳು ತನ್ನ ಸೈಕಲ್ಲನ್ನೇ ಸಿಕ್ಕಿಸಿಕೊಂಡಳು. ಮುಂದಿನ ಪರದೆಯಲ್ಲಿ ಟ್ರೇನರಿನ ಅಂಕಿ. ಹ್ಯಾಂಡಲ್ ಮೇಲಿನ ಚಿಕ್ಕ ಡಬ್ಬಿಯಲ್ಲಿ ಅವಳ ಮೀಟರಿನ ಅಂಕಿ. ಐದನೆಯ ನಿಮಿಷಕ್ಕೆ ಪರದೆ ನೂರಾ ಅರವತ್ತೆರಡು ಎಂದಿತು. ಅವಳು ಡಬ್ಬಿ ನೋಡಿದಳು, ಪರದೆ ನೋಡಿದಳು, ಹೊರಳಿ ನನ್ನನ್ನು ನೋಡಿದಳು. ನಾನು ಕೈಸನ್ನೆ ಮಾಡಿದೆ: ತುಳಿ, ಏನೂ ಆಗಿಲ್ಲ.

ಹದಿನೈದನೆಯ ನಿಮಿಷದಿಂದ ಅವಳ ಉಸಿರು ಕುರ್ಚಿಯವರೆಗೂ ಕೇಳುತ್ತಿತ್ತು. ಬೆವರು ಕೆಳಗಿನ ಚಾಪೆಯ ಮೇಲೆ ಹನಿಯುತ್ತಿತ್ತು. ಕೊನೆಯ ನಿಮಿಷ ಎದ್ದು ನಿಂತು ತುಳಿದಳು. ಗಂಟೆ ಹೊಡೆಯಿತು. ಪರದೆಯಲ್ಲಿ ನೂರಾ ಅರವತ್ತೊಂದು, ಡಬ್ಬಿಯಲ್ಲಿ ನೂರಾ ಎಂಬತ್ನಾಲ್ಕು.

ನಾನು ಮೇಡಂ ಹತ್ತಿರ ಹೋದೆ. ನಿಮ್ಮ ಯಂತ್ರ ತಪ್ಪೈತಿ ಎಂದೆ. ಕಲ್ಲು ತೂಗುಹಾಕಿ ನೋಡಿದ್ದನ್ನು ಹೇಳಿದೆ, ಮೊಬೈಲಿನಲ್ಲಿ ಫೋಟೊ ತೋರಿಸಿದೆ. ಆಮೇಲೆ ನಮ್ಮ ಧಂದೆಯ ವಾಡಿಕೆ ಹೇಳಿದೆ.

"ಎರಡು ಕಾಟಾ ಎರಡು ನಮೂನಿ ಹೇಳಿದ್ರ ಮೂರನೇದಕ್ಕ ಹೋಗಬೇಕ್ರಿ. ಅದು ಏನು ಹೇಳ್ತೈತಿ, ಅದಕ್ಕ ನಾ ತಲೆ ಬಾಗಸ್ತೀನಿ. ನಿಮ್ಮ ಹತ್ರ ಇನ್ನೊಂದು ಇದ್ರ ಹಚ್ಚರಿ."

ಅವರು ಬೇಕಾದರೆ ಆಗುವುದಿಲ್ಲ ಎನ್ನಬಹುದಿತ್ತು. ಹೊರಗೆ ಇನ್ನೂ ಮೂವತ್ತು ಮಕ್ಕಳು ಕಾಯುತ್ತಿದ್ದರು. ಆದರೆ ನನ್ನ ಮುಖ ನೋಡಿ ಒಂದು ಪೆಟ್ಟಿಗೆ ತೆರೆದರು. ಅದರಲ್ಲಿದ್ದ ಎರಡು ಪೆಡಲ್‌ಗಳಲ್ಲೂ ಒಂದೊಂದು ಮೀಟರ್ ಇತ್ತು. ಹತ್ತು ನಿಮಿಷ ವಿಶ್ರಾಂತಿ ಕೊಟ್ಟು, ಅವನ್ನು ಕೂಡಿಸಿ, ಅರ್ಜುಮಂದ್‌ಳನ್ನು ಅದೇ ಜೋರಿನಲ್ಲಿ ಐದು ನಿಮಿಷ ತುಳಿಸಿದರು. ಮತ್ತೆ ನೂರಾ ಅರವತ್ತೊಂದೇ ಬಂತು. ಈ ಸಲ ಅದು ಎರಡಾಗಿ ಒಡೆದು ಬಂದಿತ್ತು. ಎಡಗಾಲು ತೊಂಬತ್ತೆರಡು, ಬಲಗಾಲು ಅರವತ್ತೊಂಬತ್ತು.

ಮೇಡಂ ನೆಲಕ್ಕೆ ಕುಕ್ಕರಗಾಲಿನಲ್ಲಿ ಕೂತು ನಮ್ಮ ಮೀಟರನ್ನು ಬೆರಳಿಂದ ಮುಟ್ಟಿ ತೋರಿಸಿದರು.

"ಇದು ತಪ್ಪಿಲ್ಲ ನೋಡ್ರಿ. ಆದರೆ ಇದು ಎಡಗಾಲನ್ನಷ್ಟೇ ಅಳೆಯುತ್ತದೆ. ಬಲಗಾಲೂ ಅಷ್ಟೇ ಇರಬಹುದು ಅಂತ ತಿಳಿದು ಅದನ್ನೇ ಎರಡು ಪಟ್ಟು ಮಾಡಿ ತೋರಿಸುತ್ತದೆ. ಬಹಳ ಜನಕ್ಕೆ ನಡೆಯುತ್ತದೆ. ಈಕೆಗೆ ಬಲಗಾಲಿಗೆ ಏನಾದರೂ ಪೆಟ್ಟಾಗಿತ್ತೇನು?"

ಆಗಿತ್ತು. ಆರು ವರ್ಷದವಳಿದ್ದಾಗ ನನ್ನ ಕಾಟಾದ ಅಂಗಳದಲ್ಲೇ ಭತ್ತದ ಚೀಲದ ನಿಟ್ಟು ಉರುಳಿ ಬಲತೊಡೆ ಮುರಿದಿತ್ತು. ಕೂಡಿತು, ನಡೆದಳು, ಓಡಿದಳು, ನಾವು ಮರೆತೆವು. ನಾನು ಮರೆತೆ ಎಂದರೆ ಸರಿ. ಅವಳು ಇವತ್ತಿಗೂ ಮೆಟ್ಟಿಲು ಹತ್ತುವಾಗ ಮೊದಲು ಎಡಗಾಲೇ ಇಡುತ್ತಾಳೆ. ಅದನ್ನು ದಿನಾ ನೋಡುತ್ತೇನೆ.

ನಮ್ಮ ಕಾಟಾಕ್ಕೆ ಉದ್ದನೆಯ ಲಾರಿ ಬಂದರೆ ಒಂದೇ ಸಲಕ್ಕೆ ಹಿಡಿಸುವುದಿಲ್ಲ. ಮುಂದಿನ ಗಾಲಿ ತೂಗಿ, ಆಮೇಲೆ ಹಿಂದಿನ ಗಾಲಿ ತೂಗಿ, ಎರಡನ್ನೂ ಕೂಡಿಸುತ್ತೇವೆ. ಮುಂದಿನದಷ್ಟೇ ತೂಗಿ ಎರಡು ಪಟ್ಟು ಬರೆದುಕೊಡು ಎಂದು ಯಾವನಾದರೂ ಕೇಳಿದರೆ ಅಂಗಳದಿಂದಲೇ ಓಡಿಸುತ್ತೇನೆ. ಎಂಟು ತಿಂಗಳು ನನ್ನ ಮಗಳನ್ನು ಹಾಗೆಯೇ ತೂಗಿದ್ದೆ. ಮುದ್ರೆಯ ಕಲ್ಲು ನನ್ನ ಕೈಯಲ್ಲೇ ಇತ್ತು. ಬಲಗಡೆಗೂ ಒಂದು ಸಲ ಕಟ್ಟಿ ನೋಡೋಣ ಎಂದು ಹೊಳೆಯಲಿಲ್ಲ. ಕಟ್ಟಿದ್ದರೆ ಅಂಕಿಯೇ ಬರುತ್ತಿರಲಿಲ್ಲ, ಆಗಲಾದರೂ ತಿಳಿಯುತ್ತಿತ್ತು.

ಸರಿ ಮಾಡಬಹುದೇ ಎಂದು ಕೇಳಿದೆ. ಬಲಗಾಲಿಗೆ ಬೇರೆ ವ್ಯಾಯಾಮ ಮಾಡಿಸಿದರೆ ಒಂದು ವರ್ಷದಲ್ಲಿ ಒಂಬತ್ತು ವ್ಯಾಟ್ ದೊಡ್ಡ ಮಾತಲ್ಲ ಎಂದರು. ಆಮೇಲೆ ಅರ್ಜಿಯಲ್ಲಿ ಅವಳ ಹುಟ್ಟಿದ ತಾರೀಖು ನೋಡಿದರು. ಹಾಳೆಯನ್ನು ಮೆಲ್ಲಗೆ ಮಗುಚಿ ಇಟ್ಟರು. ಮೊದಲೇ ಗೊತ್ತಿದ್ದರೆ ಎಂದು ಏನೋ ಹೇಳಲು ಹೋಗಿ ನಿಲ್ಲಿಸಿದರು.

ಮೂರನೆಯದು ಹೇಳಿಯಾಗಿತ್ತು. ನಾನು ಸೈಕಲ್ಲಿನ ಹಿಂದಿನ ಗಾಲಿ ತಿರುಗಿ ಕೂಡಿಸತೊಡಗಿದೆ.

ಹೊರಗೆ ಬಂದು ಚಹಾ ಕುಡಿದೆವು. ಪಂಪಾಪತಿ ಮಾಸ್ತರರ ಫೋನು ಬಂತು. ಆಗಲಿಲ್ಲ ಎಂದೆ. ಚಿಕ್ಕ ಹಾಸ್ಟೆಲಿನಲ್ಲಿ ಏನಾದರೂ ಜಾಗ ಉಳಿದಿರಬಹುದೇ ಎಂದು ಕೇಳಿದೆ. ನಾಲ್ವರೂ ಸೇರಿಕೊಂಡಾಗಿದೆ, ಶಿವರಂಜನಿ ಸೋಮವಾರವೇ ಹೋದಳು ಎಂದರು. ಮರಿಸ್ವಾಮಿಯ ಮೆಸೇಜ್ ಬಂದಿತ್ತು: ಎಷ್ಟು ಬಂತು? ಮೊಬೈಲನ್ನು ಜೇಬಿಗಿಟ್ಟೆ.

ಬಸ್ಸಿನಲ್ಲಿ ಕಿಟಕಿಯ ಕಡೆ ಅವಳು, ಇತ್ತ ನಾನು. ಸೈಕಲ್ ಮೇಲೆ ಕಟ್ಟಿತ್ತು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು, ಅವಳು ಅಳಲಿಲ್ಲ. ತೊಡೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದಳು. ಸಂತೆಕಲ್ಲೂರಿನ ಹತ್ತಿರ ರಸ್ತೆಯ ಮೇಲೆ ಬಿಳಿ ಬಣ್ಣದ ಅಡ್ಡಗೆರೆ ಕಂಡಿತು. ಜನವರಿಯ ರೇಸಿನದು. ಇನ್ನೂ ಪೂರ್ತಿ ಮಾಸಿರಲಿಲ್ಲ. ಬಸ್ಸು ಅದರ ಮೇಲೆ ಹಾಯಿತು. ಇಬ್ಬರೂ ನೋಡಿದೆವು.

ಅವಳೇ ಮಾತು ತೆಗೆದಳು.

"ಅಬ್ಬಾಜಿ, ಇಲ್ಲಿ ಬಂದಿದ್ರೂ ನಂದು ಆಗತಿರಲಿಲ್ಲ ಬಿಡು. ಇಲ್ಲಿ ಏರು ಭಾಳ ಐತಿ. ಏರಿಗೆ ಶಿವರಂಜನಿನ ಜೋರು."

ಆ ರಸ್ತೆಯಲ್ಲಿ ಏರು ಇಲ್ಲ. ಮಸ್ಕಿ ದಾಟಿದ ಮೇಲೆ ಹೊಲದ ನಡುವೆ ಚಪ್ಪಟೆಯಾಗಿ ಹೋಗುತ್ತದೆ. ಅದು ನನಗೆ ಗೊತ್ತು, ಅವಳಿಗೆ ನನಗಿಂತ ಹೆಚ್ಚು ಗೊತ್ತು. ಅಲ್ಲಿ ಅವಳು ಗೆಲ್ಲುತ್ತಿದ್ದಳು, ನಾನು ತಡೆದೆ ಎಂದು ಹೇಳಬೇಕಾದದ್ದು ನಾನು. ಹೇಳಿಬಿಡಲೆಂದು ಅವಳ ಕಡೆ ಹೊರಳಿದೆ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು, ನನ್ನ ಉತ್ತರಕ್ಕೆ ಕಾಯುತ್ತಿದ್ದಳು.

"ಹೌದು ಬೇಟಾ," ಎಂದೆ, "ಏರು ಭಾಳ ಐತಿ."

ಅವಳು ತಲೆಯಾಡಿಸಿದಳು.