ತುಂಬಿದ ಟ್ಯಾಂಕು

ಟಪ್ ಎಂದಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಉಸಿರು ಹಿಡಿದು ಕಾದೆ. ಮತ್ತೆ ಟಪ್.

ನಮ್ಮ ಮಲಗುವ ಕೋಣೆಗೂ ಬೋಟಿನ ಶೆಡ್ಡಿಗೂ ನಡುವೆ ಇರುವುದು ಒಂದೇ ಗೋಡೆ. ಪಕ್ಕದಲ್ಲಿದ್ದ ಗಂಡನನ್ನು ಅಲುಗಿಸಿದೆ. "ನಲ್ಲಿ ಇರ್ಬೇಕು, ಮಲಕ್ಕೊ," ಎಂದು ಅವರು ಮಗ್ಗುಲು ಬದಲಿಸಿದರು. ಶೆಡ್ಡಿನಲ್ಲಿ ನಲ್ಲಿಯೇ ಇಲ್ಲ.

ಎದ್ದು ಹೋಗಿ ಶೆಡ್ಡಿನ ಒಳಬಾಗಿಲು ತೆರೆದಾಗ ಪೆಟ್ರೋಲಿನ ವಾಸನೆ ಮುಖಕ್ಕೆ ರಾಚಿತು. ದೀಪದ ಸ್ವಿಚ್ಚಿನತ್ತ ಹೋದ ಕೈಯನ್ನು ಹಿಂದಕ್ಕೆಳೆದುಕೊಂಡು ಶೆಡ್ಡಿನ ದೊಡ್ಡ ಬಾಗಿಲುಗಳನ್ನು ಅಂಗಳದ ಕಡೆಗೆ ಪೂರ್ತಿ ತೆರೆದಿಟ್ಟೆ. ಟ್ರೈಲರಿನ ಮೇಲೆ ಬೋಟು ಮೂತಿ ಎತ್ತಿಕೊಂಡು ನಿಂತಿತ್ತು. ಕಾಲಿಗೆ ಹಲಗೆ ಕಟ್ಟಿಕೊಂಡವರನ್ನು ಹಗ್ಗದಲ್ಲಿ ಕೆರೆಯ ಮೇಲೆ ಎಳೆದುಕೊಂಡು ಹೋಗುವ ಹಳೆಯ ಸ್ಕೀ ಬೋಟು ಅದು. ಹೆಸರಿಗೆ ಅಣ್ಣತಮ್ಮಂದಿರಿಬ್ಬರದು, ನಡೆಸುವವರು ಮಾತ್ರ ಭಾವ, ನನ್ನ ಗಂಡನ ಅಣ್ಣ. ಬೆಳಗಾದರೆ ಅವರು ನನ್ನ ಮಗಳನ್ನು ಕರೆದುಕೊಂಡು ಹೊರಡುವವರಿದ್ದರು.

ಈ ವಾಸನೆಯ ಬಗ್ಗೆ ನಾನು ತಿಂಗಳುಗಟ್ಟಲೆ ಹೇಳಿದ್ದೆ. ಭಾವ ಪೆಟ್ರೋಲ್ ಪಂಪು ಬದಲಾಯಿಸಿದರು, ಕಾರ್ಬೊರೇಟರ್ ಬಿಚ್ಚಿ ಗ್ಯಾಸ್ಕೆಟ್ ಹಾಕಿದರು. ಆಮೇಲೂ ವಾಸನೆ ಬರುತ್ತಿದೆ ಎಂದಾಗ, "ಇನ್ನು ಸರ್ವಿಸ್ ಮಾಡಿಸ್ಬೇಕಾಗಿರೋದು ನಿನ್ನ ಮೂಗಿಗೆ. ನಿನಗೆ ಡಿಗ್ರಿ ಕೊಟ್ಟೋರು ಮೂಗೊಂದನ್ನ ರಿಪೇರಿ ಮಾಡದೆ ಬಿಟ್ಬಿಟ್ರಾ?" ಎಂದಿದ್ದರು. ಎಲ್ಲರೂ ನಕ್ಕರು. ಮಗಳು ಸಹ.

ಸೋರಿಕೆ ಹುಡುಕಲು ಅವರಿಗೊಂದು ಕ್ರಮವಿತ್ತು. ಕೆರೆಯಿಂದ ಬಂದು, ಬೋಟು ತೊಳೆದು ಒರೆಸಿ, ಟಾರ್ಚು ಬಿಟ್ಟು ನೋಡುವುದು. ಆ ಹೊತ್ತಿಗೆ ಟ್ಯಾಂಕು ಮುಕ್ಕಾಲು ಖಾಲಿ. ಟ್ಯಾಂಕನ್ನು ಕುತ್ತಿಗೆಮಟ್ಟ ತುಂಬಿಸುತ್ತಿದ್ದುದು ಹೊರಡುವ ಹಿಂದಿನ ಸಂಜೆ. ಆಗ ಯಾರೂ ನೋಡುತ್ತಿರಲಿಲ್ಲ. ಕತ್ತಲಲ್ಲಿ ನಿಂತಾಗ ನನಗೆ ಇದು ಹೊಳೆಯಿತು.

ವಾಸನೆ ತಿಳಿಯಾಗುವವರೆಗೆ ಅಂಗಳದಲ್ಲಿ ಕಾದು ಬೋಟು ಹತ್ತಿದೆ. ಹಿಂದಿನ ಸೀಟಿನಡಿ, ಬ್ಯಾಟರಿಯ ಸ್ವಿಚ್ಚಿಗೆ ಕೆಂಪು ಹಿಡಿಯೊಂದಿದೆ. ಅದನ್ನು ತಿರುಗಿಸಿ ಕಿತ್ತುಕೊಂಡರೆ ಬೋಟಿಗೆ ಕರೆಂಟೇ ಇಲ್ಲ. ಕಿತ್ತು ಜೇಬಿಗೆ ಹಾಕಿಕೊಂಡೆ. ಎಂಜಿನ್ ಪೆಟ್ಟಿಗೆ ತೆರೆದು, ಪೈಪಿನ ಒಂದೊಂದು ಕೂಡುಜಾಗವನ್ನೂ ಒರೆಸಿ ಅದರಡಿ ಒಂದೊಂದು ಬಿಳಿ ಕಾಗದ ಇಟ್ಟು, ಗಾಳಿಗೆ ಹಾರದಂತೆ ಮುಚ್ಚಳ ಮುಚ್ಚಿದೆ.

ಬೆಳಿಗ್ಗೆ ನಾನು ಶೆಡ್ಡಿಗೆ ಬರುವಷ್ಟರಲ್ಲಿ ಮಗಳು ಲೈಫ್ ಜಾಕೆಟ್ ತೊಟ್ಟು ಬೋಟಿನಲ್ಲಿ ಕೂತಾಗಿತ್ತು. ಭಾವ ಸ್ಟಿಯರಿಂಗ್ ಪಕ್ಕ ನಿಂತಿದ್ದರು.

"ಬಾಗಿಲು ಯಾರು ತೆಗೆದಿಟ್ಟಿದ್ದು? ಕಳ್ಳರನ್ನ ಊಟಕ್ಕೆ ಕರೆದಿದ್ರಾ?"

"ನಾನೇ ತೆಗೆದೆ, ಭಾವ. ರಾತ್ರಿ ಪೆಟ್ರೋಲ್ ತೊಟ್ಟಿಕ್ತಾ ಇತ್ತು. ಇವತ್ತು ಬೇಡ."

"ಶುರುವಾಯ್ತು ನೋಡು ಸುಪ್ರಭಾತ," ಎಂದರು ಮಗಳಿಗೆ.

"ನೀನು ಕೆಳಗಿಳಿ," ಎಂದೆ ಅವಳಿಗೆ.

"ಅಮ್ಮ, ಪ್ಲೀಸ್. ದೊಡ್ಡಪ್ಪಂಗೆ ಗೊತ್ತಿರಲ್ವಾ?"

"ಕೂತ್ಕೊ ಮಗಳೇ. ಒಂದ್ಸಲ ಗುರ್ ಅನ್ನಿಸಿ ಆಫ್ ಮಾಡ್ತೀನಿ. ಎಂಜಿನ್ನೇ ನಿಮ್ಮಮ್ಮಂಗೆ ಉತ್ತರ ಕೊಡ್ಲಿ."

ಕೀಲಿ ತಿರುಗಿಸುವ ಮೊದಲು ಎಂಜಿನ್ ಪೆಟ್ಟಿಗೆ ತೆರೆದು ಮೂಸಿ ನೋಡಬೇಕು, ಒಳಗಿನ ಗಾಳಿ ಹೊರದೂಡುವ ಫ್ಯಾನ್ ಓಡಿಸಬೇಕು. ಒಂದು ಕಿಡಿ ಸಾಕು. ಈ ಪಾಠವನ್ನು ನಮಗೆಲ್ಲ ಹೇಳಿಕೊಟ್ಟವರೇ ಭಾವ, ಮರೆತವರ ಮಾನ ಕಳೆದವರೂ ಅವರೇ. ಅಂದು ಅವರು ನನ್ನ ಮುಖವನ್ನೇ ನೋಡುತ್ತ, ಪೆಟ್ಟಿಗೆ ಮುಟ್ಟದೆ ಕೀಲಿ ತಿರುಗಿಸಿದರು.

ಏನೂ ಆಗಲಿಲ್ಲ. ಮತ್ತೆ ತಿರುಗಿಸಿದರು.

"ಬ್ಯಾಟರಿ ಸತ್ತೋಯ್ತಾ ದೊಡ್ಡಪ್ಪ?"

ನಾನು ಕೆಂಪು ಹಿಡಿಯನ್ನು ಜೇಬಿನಿಂದ ತೆಗೆದು ತೋರಿಸಿದೆ.

"ನನ್ನ ಬೋಟಿಗೆ ಕೈ ಹಾಕಿದೀಯಾ? ಯಾರನ್ನ ಕೇಳಿ?"

"ಪೆಟ್ಟಿಗೆ ತೆಗೆದು ನೋಡಿ. ಆಮೇಲೆ ಬೈಯಿರಿ."

ರಪ್ಪನೆ ಮುಚ್ಚಳ ಎತ್ತಿದರು. ಬೋಟಿನ ತಳದಲ್ಲಿ ಪೆಟ್ರೋಲು ತೆಳ್ಳಗೆ ಹರಡಿ ಬಣ್ಣಬಣ್ಣವಾಗಿ ಹೊಳೆಯುತ್ತಿತ್ತು. ಅದರ ಮೇಲಿನ ಗಾಳಿ ಬಿಸಿಲಿಗೆ ಕಾದ ರಸ್ತೆಯ ಮೇಲಿನ ಗಾಳಿಯಂತೆ ನಡುಗುತ್ತಿತ್ತು. ಮುಚ್ಚಳ ಹಿಡಿದುಕೊಂಡೇ ಅವರು ಕೀಲಿಯನ್ನು ನೋಡಿದರು. ನಂತರ ಮಗಳನ್ನು.

"ಕೆಳಗಿಳಿಯಮ್ಮ," ಎಂದರು. ದನಿ ಸಣ್ಣಗಾಗಿತ್ತು. "ನಿಧಾನಕ್ಕೆ. ಮನೆಯೊಳಗೆ ಹೋಗು."

ಬೋಟನ್ನು ಅಂಗಳಕ್ಕೆ ತಳ್ಳಿದೆವು. ಅವರು ಕೈಪಂಪಿನಿಂದ ಟ್ಯಾಂಕಿನ ಪೆಟ್ರೋಲನ್ನೆಲ್ಲ ಕ್ಯಾನುಗಳಿಗೆ ಇಳಿಸಿದರು, ತಳವನ್ನು ಬಟ್ಟೆಯಿಂದ ಹೀರಿಸಿದರು. ನಾನು ಕಾಗದಗಳನ್ನು ಒಂದೊಂದಾಗಿ ತಂದೆ. ಪಂಪಿನಡಿಯದು ಒಣ. ಕಾರ್ಬೊರೇಟರಿನದು ಒಣ. ಟ್ಯಾಂಕಿನಿಂದ ಹೊರಡುವ ಪೈಪಿನದೂ ಒಣ. ಪಕ್ಕದ ಹಲಗೆಯ ಸಂದಿಯಲ್ಲಿ ಇಟ್ಟದ್ದು ಮಾತ್ರ ಹಳದಿಯಾಗಿ ಮೆತ್ತಗಾಗಿತ್ತು.

"ನೀರಿರ್ಬೇಕು. ತೊಳೆದಿದ್ದು," ಎಂದರು, ಇನ್ನೂ.

"ಮೂಸಿ ನೋಡಿ. ನನ್ನ ಮೂಗು ಬೇಡ, ನಿಮ್ಮದರಲ್ಲೇ."

ಮೂಸಿ ಕಾಗದವನ್ನು ಮುದ್ದೆ ಮಾಡಿದರು. ಹಲಗೆ ಬಿಚ್ಚಿದಾಗ, ಪೆಟ್ರೋಲ್ ತುಂಬುವ ಬಾಯಿಂದ ಟ್ಯಾಂಕಿಗೆ ಇಳಿಯುವ ದಪ್ಪ ರಬ್ಬರ್ ಪೈಪು ಕಂಡಿತು. ಮೇಲಿನಿಂದ ನೋಡಲು ಚೆನ್ನಾಗಿಯೇ ಇತ್ತು. ಕ್ಲಿಪ್ಪು ಸಡಿಲಿಸಿ ಎಳೆದು ಬಗ್ಗಿಸಿದರೆ ಅಡಿಭಾಗ ಒಡೆದ ಹಿಮ್ಮಡಿಯಂತೆ ಸಾಲಾಗಿ ಬಾಯಿ ಬಿಟ್ಟಿತು.

"ಟ್ಯಾಂಕ್ ತುಂಬಿದ್ರೆ ಮಾತ್ರ ಇಲ್ಲೀವರೆಗೆ ಪೆಟ್ರೋಲ್ ನಿಲ್ಲೋದು, ಭಾವ. ನೀವು ಹುಡುಕ್ತಿದ್ದಿದ್ದು ಖಾಲಿಯಾದ್ಮೇಲೆ."

"ಗೊತ್ತಾಯ್ತು."

"ಅದಕ್ಕೇ ಪಂಪು ಹಾಕಿದ್ರೂ—"

"ಗೊತ್ತಾಯ್ತು ಅಂದ್ನಲ್ಲ."

ಕೆಲಸ ಅವರಿಗೆ ಚೆನ್ನಾಗಿ ಬರುತ್ತದೆ, ಅದನ್ನು ಅಲ್ಲಗಳೆಯಲಾರೆ. ಪೆಟ್ರೋಲಿಗೆಂದೇ ಮಾಡಿದ ಹೊಸ ಪೈಪನ್ನು ಅಳೆದು ಕತ್ತರಿಸಿ, ಎರಡೂ ತುದಿಗೆ ಜೋಡಿ ಕ್ಲಿಪ್ಪು ಬಿಗಿದು, ಮತ್ತೆ ಕುತ್ತಿಗೆಮಟ್ಟ ತುಂಬಿಸಿದರು. ಹೊಸ ಕಾಗದ ನಾನಿಟ್ಟೆ. ಅವರು ಅಂಗಳದ ಆ ತುದಿಯಲ್ಲಿ, ನಾನು ಈ ತುದಿಯಲ್ಲಿ, ಮಧ್ಯಾಹ್ನದವರೆಗೆ ಕಾದೆವು.

"ಆ ಹಿಡಿ ಕೊಡು."

"ಮೊದಲು ಕಾಗದ ತೋರಿಸಿ."

ತಂದು ತೋರಿಸಿದರು. ಪೂರ್ತಿ ಒಣ. ಹಿಡಿಯನ್ನು ಅವರ ಅಂಗೈಗೆ ಹಾಕಿದೆ.

ಊಟಕ್ಕೆ ಕೂತಾಗ ಗಂಡ ಕೇಳಿದರು, "ಏನಾಗಿತ್ತಂತೆ?"

"ಹಳೇ ಪೈಪು. ಬದಲಾಯಿಸ್ದೆ," ಎಂದರು ಭಾವ, ತಟ್ಟೆ ನೋಡುತ್ತ. ಆಮೇಲೆ ತುತ್ತು ಎತ್ತದೆ ಕೂತರು. ಅವರು ಕಾಯುತ್ತಿದ್ದುದು ನನ್ನ ಬಾಯಿಗಾಗಿ.

ವಾಕ್ಯ ನನ್ನ ಬಳಿ ಸಿದ್ಧವಿತ್ತು. ಬೆಳಗಿನಿಂದ ತಿದ್ದಿ ತೀಡಿ ಇಟ್ಟುಕೊಂಡಿದ್ದೆ: ನಿಮ್ಮಣ್ಣ ನಮ್ಮ ಮಗಳನ್ನು ಕೂರಿಸಿಕೊಂಡು, ಪೆಟ್ಟಿಗೆ ತೆರೆಯದೆ ಕೀಲಿ ತಿರುಗಿಸಿದರು. ಆದರೆ ಈ ಮನೆಯನ್ನು ನಾನು ಬಲ್ಲೆ. ಹೇಳಿದರೆ ಎರಡನೇ ಸಲ ಬಡಿಸುವಷ್ಟರಲ್ಲಿ ಭಾವನ ಬಳಿ ಉತ್ತರವಿರುತ್ತದೆ. ವಾರ ಕಳೆಯುವಷ್ಟರಲ್ಲಿ ಅದು ಸ್ವಿಚ್ಚು ಕದ್ದ ಪುಕ್ಕಲಿಯ ತಮಾಷೆಯಾಗುತ್ತದೆ. ಎಲ್ಲರೂ ನಗುತ್ತಾರೆ, ಅವರು ಗೆಲ್ಲುತ್ತಾರೆ, ಗೆದ್ದವರು ಮತ್ತೆ ಮೂಸಿ ನೋಡುವುದಿಲ್ಲ. ಹೇಳದಿದ್ದರೆ ಅವರಿಗೆ ವಾದಿಸಲು ಎದುರಾಳಿಯೇ ಇಲ್ಲ. ನಾನು ಯಾವಾಗ ಬಾಯಿ ಬಿಡುತ್ತೇನೋ ಎಂಬ ಅಳುಕಿನಲ್ಲೇ ಪ್ರತಿಸಲ ಪೆಟ್ಟಿಗೆ ತೆರೆಯುತ್ತಾರೆ.

"ಅಷ್ಟೇನಾ?" ಎಂದರು ಗಂಡ ನನ್ನ ಕಡೆ ತಿರುಗಿ.

ಭಾವನ ಕಣ್ಣಲ್ಲಿ ಕಣ್ಣಿಟ್ಟು, "ಅಷ್ಟೇ," ಎಂದೆ. ನನ್ನ ಮಗಳು ಆ ಬೋಟು ಹತ್ತುತ್ತಿರುವಷ್ಟು ಕಾಲ ಇದನ್ನು ಯಾರಿಗೂ ಹೇಳುವುದಿಲ್ಲ, ಪಕ್ಕದಲ್ಲೇ ಕೂತಿದ್ದೂ ಅಪಾಯ ಅರಿಯದ ಅವಳಿಗೂ ಹೇಳುವುದಿಲ್ಲ ಎಂದು ಅಲ್ಲೇ ನಿರ್ಧರಿಸಿದೆ.