ಹಿರಿಯ ಸೊಸೆಯ ಕೆಂಪು ಸಾಲುಗಳು

ಹಿರಿಯ ಸೊಸೆಯ ಕೈ ಕೀಬೋರ್ಡಿನ ಮೇಲಿಂದ ಏಳುವುದೇ ಇಲ್ಲ. ಕಂಪ್ಯೂಟರಿನ ಜೊತೆ ಬಂದ ಮೌಸನ್ನು ಅವಳು ಡ್ರಾಯರಿನಲ್ಲಿ ಕರವಸ್ತ್ರಗಳ ಕೆಳಗೆ ಮಲಗಿಸಿಬಿಟ್ಟಿದ್ದಾಳೆ. ನಡೆಯುವಾಗಲೂ ಅಷ್ಟೇ, ಮೊಣಕೈ ಸವೆದ ಬೂದು ಸ್ವೆಟರಿನ ಜೇಬಿನಲ್ಲಿ ಬೆರಳಾಡಿಸುತ್ತ, ಅಲ್ಲೂ ಏನನ್ನೋ ಟೈಪು ಮಾಡುತ್ತಿರುವವಳಂತೆ ಹೋಗುತ್ತಾಳೆ. ಏನು ಕೇಳಿದರೂ, ಸಾರಿಗೆ ಉಪ್ಪು ಸಾಕೇ ಎಂದು ಕೇಳಿದರೂ, ಅವಳ ಮೊದಲ ಮಾತು ಒಂದೇ: "ಇರು, ನೋಡಿ ಹೇಳ್ತೀನಿ."

ಆ ಮಾತು ಕಿವಿಗೆ ಬಿದ್ದರೆ ಸಾಕು, ಅವಳ ಓರಗಿತ್ತಿಗೆ, ಮನೆಯ ಕಿರಿಯ ಸೊಸೆಗೆ, ಮೈಯುರಿಯುತ್ತಿತ್ತು. ಇಬ್ಬರೂ ಒಂದೇ ಕಾಲೇಜಿನಲ್ಲಿ ಇತಿಹಾಸ ಕಲಿಸುವವರು. ಮನೆಯಲ್ಲಿ ಒಂದೇ ಕೋಣೆಯಲ್ಲಿ ಬೆನ್ನಿಗೆ ಬೆನ್ನು ಹಾಕಿ ಬರೆಯುವವರು. ಕಿರಿಯಳು ಒಂದು ಅಡಿಟಿಪ್ಪಣಿಗಾಗಿ ಲೇಖಕರ ಹೆಸರು, ಇಸವಿ, ಪುಟಸಂಖ್ಯೆಗಳನ್ನೆಲ್ಲ ತಡಕಾಡಿ ಬರೆಯುವಷ್ಟರಲ್ಲಿ, ಬೆನ್ನ ಹಿಂದೆ ಟಕಟಕ ಸದ್ದು. ಹಿರಿಯಳು ಹೆಸರಿನ ಮೊದಲಕ್ಷರಗಳನ್ನು ಒತ್ತಿದರೆ ಇಡೀ ಉಲ್ಲೇಖ ತಾನಾಗಿ ಬಂದು ಕೂರುತ್ತಿತ್ತು. ತಾನು ಬರೆಯಲು ಬಳಸುವ ಸಾಫ್ಟ್‌ವೇರನ್ನು, ಆ ಎಡಿಟರನ್ನು, ಅವಳು ರಜೆಯುದ್ದಕ್ಕೂ ಕೂತು, ಅಳತೆಯ ಅಂಗಿಯಂತೆ ತಿದ್ದಿ ತಿದ್ದಿ ತನ್ನ ಕೈಗೆ ಒಗ್ಗಿಸಿಕೊಂಡಿದ್ದಳು.

"ಹೊಲಿದಿದ್ದೇ ಆಯ್ತಲ್ಲಕ್ಕ, ತೊಡೋದು ಯಾವಾಗ?" ಎಂದು ಕಿರಿಯಳು ಕುಟುಕುತ್ತಿದ್ದಳು.

"ಇರು, ನೋಡಿ ಹೇಳ್ತೀನಿ."

ಬಾಗಿಲಲ್ಲಿ ನಿಂತ ಅತ್ತೆ, "ಒಬ್ಬಳಿಗೆ ಕೈ ಚುರುಕು, ಇನ್ನೊಬ್ಬಳಿಗೆ ಬಾಯಿ ಚುರುಕು. ಪಾತ್ರೆ ಮುಂದೆ ಮಾತ್ರ ಇಬ್ರೂ ಸೋಮಾರಿಗಳು" ಎನ್ನುತ್ತಿದ್ದರು.

ಹೀಗಿರುವಾಗ ಕಿರಿಯಳ ಮೊದಲ ಪುಸ್ತಕವನ್ನು ಪ್ರಕಾಶಕರು ಒಪ್ಪಿದರು. ಆದರೆ ಉಲ್ಲೇಖಗಳನ್ನೆಲ್ಲ ತಮ್ಮ ಪದ್ಧತಿಗೆ ಬದಲಿಸಿ ಸೋಮವಾರ ಕೊಡಬೇಕು, ಇಲ್ಲದಿದ್ದರೆ ಈ ವರ್ಷ ಅಚ್ಚಿಲ್ಲ ಎಂದರು. ಕೈಯಲ್ಲಿ ತಿದ್ದಿದರೆ ಮುಗಿಯುವ ಕೆಲಸವಲ್ಲ. ಒಂದು ದಿನವಿಡೀ ಬಿಗುಮಾನದಲ್ಲಿ ಕಳೆದು, ಕೊನೆಗೆ ಗೋಡೆಯ ಕಡೆ ನೋಡುತ್ತ ಕೇಳಿದಳು: "ನಿನ್ನ ಆ ಮಂತ್ರ ನಂಗೂ ಸ್ವಲ್ಪ ಹಾಕ್ಕೊಡಕ್ಕ."

ಹಿರಿಯಳು ಸ್ವೆಟರಿನ ತೋಳು ಮೇಲಕ್ಕೆ ಮಡಚಿ ಕೆಲಸಕ್ಕೆ ಕೂತಳು. ಕಾಫಿ ಆರುವಷ್ಟರಲ್ಲಿ ಉಲ್ಲೇಖಗಳೆಲ್ಲ ಹೊಸ ಪದ್ಧತಿಯಲ್ಲಿ ಸಾಲಾಗಿ ನಿಂತವು; ಆದರೆ ಒಂದೂ ಬಿಡದೆ ಎಲ್ಲವೂ ಕೆಂಪು.

"ಕೆಟ್ಟೋಯ್ತಾ?"

"ಇಲ್ಲ ಕಣೆ. ಇದು ನಂಗೆ ನಾನೇ ಹಾಕ್ಕೊಂಡ ಬೀಗ. ಪುಸ್ತಕ ಕೈಯಲ್ಲಿ ಹಿಡಿದು ಆ ಪುಟ ನೋಡಿದೀನಿ ಅಂತ ಗುರುತು ಹಾಕೋವರೆಗೂ ಕಪ್ಪಾಗಲ್ಲ. ಮೊದಲನೇದು, ನೋಡಿದೀಯಾ?"

"ಹೂಂ."

ಸಾಲು ಕಪ್ಪಾಯಿತು. ಹೀಗೆ ಒಂದೊಂದಾಗಿ ಕಪ್ಪಾಗುತ್ತ ಬಂದು, ಒಂದು ಹಳೆಯ ಪುಸ್ತಕದ ಹೆಸರಿನ ಬಳಿ ಕಿರಿಯಳ 'ಹೂಂ' ನಿಂತಿತು. ಆ ಪುಸ್ತಕವನ್ನು ಅವಳು ಕಂಡವಳಲ್ಲ. ಬೇರೆ ಯಾರದೋ ಅಡಿಟಿಪ್ಪಣಿಯಿಂದ ಎತ್ತಿಕೊಂಡದ್ದು. ಹೂಂ ಎಂದಿದ್ದರೆ ಎಡಿಟರೂ ನಂಬುತ್ತಿತ್ತು, ಅಕ್ಕನೂ ನಂಬುತ್ತಿದ್ದಳು. ಅಕ್ಕ ತಿರುಗಿ ಮುಖ ನೋಡಲಿಲ್ಲ. ಬೆರಳುಗಳು ಮಾತ್ರ, ದೇವರ ಮುಂದೆ ಕೂತವಳಂತೆ, ಸುಮ್ಮನೆ ಕಾಯುತ್ತಿದ್ದವು.

"ಇಲ್ಲಕ್ಕ. ಇನ್ನೂ ಇವೆ ಇಂಥವು."

"ಸರಿ. ಮೂಲ ಪುಸ್ತಕ ಸಿಗದಿದ್ರೆ, ಯಾರ ಪುಸ್ತಕದಲ್ಲಿ ಕಂಡ್ಯೋ ಅವರ ಹೆಸರೇ ಹಾಕೋಣ. ನಾಳೆ ಲೈಬ್ರರಿಗೆ ಹೋಗು, ಸಿಕ್ಕಿದಷ್ಟು ಕಪ್ಪಾಗಲಿ."

ಸೋಮವಾರ ಪುಸ್ತಕ ಹೋಯಿತು. ಅಸೂಯೆ ಹೋಗಲಿಲ್ಲ; ಜಾಗ ಬದಲಿಸಿತು ಅಷ್ಟೆ. ಇಂಥವರ ಕೈಯ ವೇಗ ಕಂಡು ನಾವು ಹೊಟ್ಟೆ ಉರಿದುಕೊಳ್ಳುತ್ತೇವೆ. ಯಾರೂ ಕೇಳದ ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಂಡು, ಉತ್ತರಕ್ಕಾಗಿ ತಡೆದು ನಿಲ್ಲುವ ಅವರ ನಿಧಾನ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಬಿದ್ದ ದಿನ ಉರಿ ಇನ್ನೂ ಹೆಚ್ಚುತ್ತದೆ. ಏಕೆಂದರೆ ವೇಗವನ್ನಾದರೂ ಕೇಳಿ ಪಡೆಯಬಹುದಿತ್ತು.